ಕಾಡಿನಲ್ಲಿ ಕೇಳಿಸುವ ನಾಯಿ

ಸ್ವೀಡನ್ನಿನ ಯೆಮ್ಟ್‌ಲಾಂಡ್ ಪ್ರಾಂತ್ಯದ ಕಾಡಲ್ಲಿ ನೀವು ನಿಂತಿದ್ದೀರಿ ಅಂತ ಇಟ್ಕೊಳ್ಳಿ. ಜೊತೆಗೆ ಬಂದ ನಾಯಿ ಎಲ್ಲೂ ಕಾಣ್ತಿಲ್ಲ. ದೂರದಲ್ಲಿ ಅದು ಬೊಗಳೋದು ಮಾತ್ರ ಕೇಳಿಸುತ್ತೆ, ಒಂದೇ ಜಾಗದಿಂದ, ಬಿಡದೆ. ಅಂದ್ರೆ ಮೂಸ್ ಸಿಕ್ಕಿದೆ. ಅಮೆರಿಕದಲ್ಲಿರುವವರು ಗಮನಿಸಿ: ನಿಮ್ಮ ಎಲ್ಕ್ ಬೇರೆ, ಯುರೋಪಿನ ಎಲ್ಕ್ ಅಂದ್ರೆ ಈ ಮೂಸೇ. 400 ಕಿಲೋ ಮೀರಬಲ್ಲ ಪ್ರಾಣಿ, ಒಂದು ಒದೆ ಸಾಕು. ಅದಕ್ಕೇ ಯೆಮ್ಟ್‌ಹುಂಡ್ ಕಚ್ಚಲು ಹೋಗುವುದಿಲ್ಲ. ಸುತ್ತ ಸುಳಿಯುತ್ತಾ, ಮೂಸ್ ಓಡದಂತೆ ತಡೆದು, ಯಜಮಾನ ಬರುವವರೆಗೂ ಒಂಟಿಯಾಗಿ ಬೊಗಳುತ್ತೆ.

ಈ ಪ್ರಾಂತ್ಯ ಮೊದಲು ಡೆನ್ಮಾರ್ಕ್-ನಾರ್ವೆಯದು; 1645ರ ಒಪ್ಪಂದದಲ್ಲಿ ಸ್ವೀಡನ್‌ಗೆ ಬಂತು. ನಾಯಿ ಮಾತ್ರ ತುಂಬಾ ಕಾಲ ನಾರ್ವೆಯ ಎಲ್ಕ್‌ಹೌಂಡ್ ಲೆಕ್ಕದಲ್ಲೇ ಉಳಿಯಿತು. ಆ ನಾಯಿಯ ಎತ್ತರ ಸುಮಾರು 52 ಸೆಂ.ಮೀ., ಇದರ ಗಂಡು 60 ದಾಟುತ್ತೆ. ಒಂದೇ ಅಳತೆಗೋಲಿನಲ್ಲಿ ನಿಲ್ಲಿಸಿದರೆ ಇದು 'ಅತಿ ದೊಡ್ಡದು' ಆಗಲೇಬೇಕಲ್ಲ! ಬೇಟೆಗಾರರಿಗೆ ಬೇಕಿದ್ದದ್ದು ಆ ದೊಡ್ಡ ಮೈಕಟ್ಟೇ. ಬೇರೆ ತಳಿ ಅನ್ನೋ ಮಾನ್ಯತೆ ಸಿಕ್ಕಿದ್ದು 1946ರಲ್ಲಿ.

ಈಗ ಅದರ ಕೊರಳಿಗೆ ಜಿಪಿಎಸ್ ಪಟ್ಟಿ ಬಂದಿದೆ, ನಾಯಿ ಎಲ್ಲಿದೆ ಅಂತ ಫೋನಲ್ಲೇ ನೋಡಬಹುದು. ಆದರೂ ಕೊನೆಯ ದಾರಿಯನ್ನು ಸದ್ದು ಮಾಡದೆ, ಬೊಗಳೋದನ್ನ ಕೇಳ್ತಾ ಕೇಳ್ತಾ, ನಡೆದೇ ಹೋಗಬೇಕು.