ಫ್ರೋಬೆಲ್‌ನ ಆಟದ ಕಾಣಿಕೆಗಳು

ಚಿಕ್ಕ ಮಕ್ಕಳ ಆಟವನ್ನೇ ಶಿಕ್ಷಣದ ತಳಹದಿಯೆಂದು ಬಗೆದು, ಅದಕ್ಕೆ ತಕ್ಕ ಸಾಮಗ್ರಿಯನ್ನು ಕ್ರಮಬದ್ಧವಾಗಿ ರೂಪಿಸಿದವರಲ್ಲಿ ಜರ್ಮನಿಯ ಫ್ರೀಡ್ರಿಶ್ ಫ್ರೋಬೆಲ್ (1782–1852) ಪ್ರಮುಖನು. ಸ್ವಿಟ್ಜರ್ಲೆಂಡಿನಲ್ಲಿ ಶಿಕ್ಷಣತಜ್ಞ ಪೆಸ್ಟಲಾಟ್ಸಿಯ ಶಾಲೆಯನ್ನು ಹತ್ತಿರದಿಂದ ಕಂಡು, ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಹರಳುಗಳ ನಡುವೆ ಕೆಲಸ ಮಾಡಿದ್ದ ಈತ, 1837ರಲ್ಲಿ ಥುರಿಂಜಿಯಾದ ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಆರಂಭಿಸಿದ ಸಂಸ್ಥೆಯೇ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರು ಪಡೆಯಿತು.

ಈತ ರೂಪಿಸಿದ ಆಟಿಕೆಗಳ ಸರಣಿಗೆ ‘ಕಾಣಿಕೆಗಳು’ ಎಂದು ಹೆಸರು. ಮೊದಲನೆಯದು, ಕೂಸಿನ ಅಂಗೈಗೆ ದಕ್ಕುವಷ್ಟು ಚಿಕ್ಕದಾದ, ದಾರ ಕಟ್ಟಿದ, ಆರು ಬಣ್ಣದ ಆರು ಉಣ್ಣೆಯ ಚೆಂಡುಗಳು. ತಾಯಿ ಚೆಂಡನ್ನು ತೂಗಾಡಿಸಿ, ಮರೆಮಾಡಿ, ಮತ್ತೆ ತೋರಿಸುವಾಗ ಕೂಸು ಅದರತ್ತಲೇ ಕಣ್ಣು ಹೊರಳಿಸಿ, ಕೈಚಾಚಿ ಹಿಡಿದು, ಅದರ ಮೆತ್ತನೆಯನ್ನೂ ಹಗುರವನ್ನೂ ಅರಿಯುತ್ತದೆ. ಎರಡನೆಯದರಲ್ಲಿ ಮರದ ಗೋಳ, ಘನ ಮತ್ತು ಸಿಲಿಂಡರ್ ಇವೆ: ಗೋಳ ಉರುಳಿಹೋದರೆ ಘನ ಇಟ್ಟಲ್ಲೇ ನಿಲ್ಲುತ್ತದೆ, ಆದರೆ ಅದೇ ಘನವನ್ನು ದಾರಕ್ಕೆ ತೂಗುಹಾಕಿ ರಭಸದಿಂದ ತಿರುಗಿಸಿದಾಗ ಮೂಲೆಗಳು ಕರಗಿದಂತಾಗಿ ಅದು ಸಿಲಿಂಡರಿನಂತೆ ಕಾಣುತ್ತದೆ. ಮೂರನೆಯದು, ಎಂಟು ಸಣ್ಣ ಘನಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಒಂದು ದೊಡ್ಡ ಘನ. ಇಂಥ ಆಕಾರಗಳ ಮೂಲಕ ಮಗು ವಿಶ್ವದ ಏಕತೆಯನ್ನು ಅರಿಯುತ್ತದೆಂಬ ಫ್ರೋಬೆಲ್‌ನ ದಾರ್ಶನಿಕ ನಂಬಿಕೆಯನ್ನು ಇಂದು ಒಪ್ಪುವುದು ಕಷ್ಟ. ಆದರೆ ಎಳೆಯ ಮಗುವಿನ ತಿಳಿವಳಿಕೆ ಕಣ್ಣು, ಕೈ, ಮೈಗಳು ಒಟ್ಟಾಗಿ ದುಡಿಯುವುದರಿಂದಲೇ ಬೆಳೆಯುತ್ತದೆಂದು ಕಂಡುಕೊಂಡದ್ದು ಅಪೂರ್ವವಾದ ಒಳನೋಟ. ಆದ್ದರಿಂದಲೇ ಅವನ ಕ್ರಮದಲ್ಲಿ ಕೈಕೈ ಹಿಡಿದು ಸುತ್ತುಗಟ್ಟಿ ಆಡುವ ಆಟಗಳಿದ್ದವು, ಅಗೆದು ಬಿತ್ತಲು ಪ್ರತಿ ಮಗುವಿಗೂ ತನ್ನದೇ ಆದ ಪಾತಿಯಿತ್ತು.

1851ರಲ್ಲಿ ಪ್ರಷ್ಯದ ಸರ್ಕಾರ ನಾಸ್ತಿಕತೆಯ ಆರೋಪ ಹೊರಿಸಿ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು; 1860ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಫ್ರೋಬೆಲ್ ಬದುಕಿರಲಿಲ್ಲ. ಆದರೆ ಈ ಪದ್ಧತಿಗೆ ನಿಷೇಧಕ್ಕಿಂತ ಹೆಚ್ಚಿನ ಹಾನಿಯಾದದ್ದು ಅನುಯಾಯಿಗಳ ಅತಿನಿಷ್ಠೆಯಿಂದ. ಮಕ್ಕಳು ಮೇಜಿನ ಮುಂದೆ ಸಾಲಾಗಿ ಕುಳಿತು, ಶಿಕ್ಷಕಿ ಹೇಳಿದಂತೆಯೇ ಸಣ್ಣ ಘನಗಳನ್ನು ಜೋಡಿಸಬೇಕಾಗಿ ಬಂದು, ಆಟವೆಂಬುದು ಹಲವೆಡೆ ಕವಾಯತಾಯಿತು. ಬೆರಳ ತುದಿಯ ಇಂಥ ಸೂಕ್ಷ್ಮ ಕೆಲಸ ಎಳೆಯ ಸ್ನಾಯುಗಳಿಗೆ ಹೊರೆಯೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಆಕ್ಷೇಪಿಸಿದನು. ಅವನ ವಿಚಾರಗಳಿಂದ ಪ್ರಭಾವಿತಳಾದ ಶಿಶುಶಿಕ್ಷಣ ತಜ್ಞೆ ಪ್ಯಾಟಿ ಸ್ಮಿತ್ ಹಿಲ್, ಫ್ರೋಬೆಲ್‌ನ ಸಣ್ಣ ಘನಗಳ ಬದಲು ನೆಲದ ಮೇಲಿಟ್ಟು ಆಡುವ ದೊಡ್ಡ ಮರದ ತುಂಡುಗಳನ್ನು ರೂಪಿಸಿದಳು. ಅವನ್ನು ಹೊತ್ತು ತಂದು, ಒಂದರ ಮೇಲೊಂದು ಏರಿಸಿ, ಮಕ್ಕಳು ತಾವೇ ಒಳಹೊಕ್ಕು ಕೂರುವಂಥ ಮನೆಗಳನ್ನು ಕಟ್ಟತೊಡಗಿದರು.