ಇಟಲಿಯ ಪ್ರವಾಸಿ ಕಂಡ ನಮ್ಮ ಶರತ್ಕಾಲ

‘ದೇಶ ಸುತ್ತು, ಕೋಶ ಓದು’ ಎಂಬ ಹಿರಿಯರ ಮಾತು ತಮಗೆಲ್ಲ ತಿಳಿದದ್ದೇ. ಇಂದು ಅನುಕೂಲವಿದ್ದವರು ಶರತ್ಕಾಲದಲ್ಲಿ ಇಟಲಿಗೆ ಹೋಗುತ್ತಾರೆ. ಬಿಸಿಲಿನ ಬೇಗೆ ಇಳಿದ ರೋಮ್, ಫ್ಲಾರೆನ್ಸ್, ವೆನಿಸ್ ನಗರಗಳ ಹಳೆಯ ಕಟ್ಟಡಗಳನ್ನು ನೋಡುತ್ತಾ, ಒಂದೊಂದು ಊರಿನ ಒಂದೊಂದು ಬಗೆಯ ಅಡುಗೆ, ಬೀದಿಬದಿಯ ಸುಟ್ಟ ಚೆಸ್ಟ್‌ನಟ್ ಸವಿಯುತ್ತಾರೆ. ಆದರೆ 400 ವರ್ಷಗಳ ಹಿಂದೆ ಇದೇ ಋತುವಿನಲ್ಲಿ ಇಟಲಿಯವನೊಬ್ಬ ನಮ್ಮ ಕನ್ನಡ ನಾಡನ್ನು ನೋಡಿ, ಇಲ್ಲಿಯ ಊಟ ಉಂಡು ಹೋದನೆಂಬುದು ನಿಮಗೆ ಗೊತ್ತೇ?

ಅವನ ಹೆಸರು ಪಿಯೆತ್ರೊ ದೆಲ್ಲಾ ವಾಲೆ. 1586ರಲ್ಲಿ ರೋಮ್‌ನಲ್ಲಿ ಹುಟ್ಟಿದವನು. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ಇಸ್ತಾಂಬುಲ್, ಕೈರೋ, ಬಾಗ್ದಾದ್, ಇಸ್ಫಹಾನ್‌ಗಳನ್ನು ಸುತ್ತಿದ. ಹೋದಲ್ಲೆಲ್ಲ ಅಲ್ಲಿಯ ಭಾಷೆ ಕಲಿಯುವುದು ಅವನ ರೂಢಿ. ತುರ್ಕಿ, ಅರಬ್ಬಿ, ಪಾರ್ಸಿ ಮೂರನ್ನೂ ಬಲ್ಲವನಾಗಿದ್ದ. 1623ರಲ್ಲಿ ಸೂರತ್ತಿಗೆ ಬಂದು, ಕಂಡದ್ದನ್ನೆಲ್ಲ ನೇಪಲ್ಸ್‌ನ ವೈದ್ಯಮಿತ್ರನಿಗೆ ಪತ್ರಗಳಲ್ಲಿ ಬರೆಯುತ್ತಾ ಹೋದ.

ಆ ವರ್ಷದ ಅಕ್ಟೋಬರ್‌ನಲ್ಲಿ, ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಂದಿಗೆ ಗೋವೆಯಿಂದ ಹೊನ್ನಾವರಕ್ಕೆ ಬಂದ. ಅಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಗೆ. ಶರಾವತಿಯ ಎರಡೂ ದಡದ ಹಸಿರಿಗೆ ಅವನು ಮಾರುಹೋದ. ಘಟ್ಟವನ್ನು ಕಂಡಾಗ ತನ್ನ ದೇಶದ ಅಪೆನೈನ್ ಪರ್ವತಗಳು ಅವನ ನೆನಪಿಗೆ ಬಂದವು. ಇಕ್ಕೇರಿಯಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಕೋಲಾಟ ಆಡುವುದನ್ನು ನೋಡಿ ಬರೆದಿಟ್ಟ. ಇಕ್ಕೇರಿಯಿಂದ ಬರೆದ ಪತ್ರದ ತಾರೀಖು 1623ರ ನವೆಂಬರ್ 22.

ಆದರೆ ವಿದ್ಯಾರ್ಥಿಗಳಾದ ನೀವು ಗಮನಿಸಬೇಕಾದದ್ದು ಬೇರೊಂದಿದೆ. ಘಟ್ಟದ ದಾರಿಯ ಒಂದು ಗುಡಿಯ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳುತ್ತಾ ಬೆರಳಿನಿಂದ ಅಂಕಿ ಬರೆಯುತ್ತಿದ್ದರು. ಹತ್ತಿರ ಗುರುಗಳಿರಲಿಲ್ಲ. ‘ಮರೆತರೆ ತಿದ್ದುವವರು ಯಾರು?’ ಎಂದು ಇವನು ಕೇಳಿದ. ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂಬುದು ಹುಡುಗರ ಉತ್ತರ. ಇದಕ್ಕೂ ಮುಂಚೆ, 14ನೇ ಶತಮಾನದಲ್ಲಿ, ಇಬ್ನ್ ಬತೂತ ಇದೇ ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಮತ್ತು ಗಂಡುಮಕ್ಕಳ 23 ಶಾಲೆಗಳನ್ನು ಕಂಡಿದ್ದ!

ಡಿಸೆಂಬರ್‌ನಲ್ಲಿ ದೆಲ್ಲಾ ವಾಲೆ ಮಂಗಳೂರು ಸೀಮೆಗೆ ಇಳಿದ. ಅಲ್ಲಿ ಉಳ್ಳಾಲದ ರಾಣಿ ಬರಿಗಾಲಲ್ಲಿ ನಡೆದು, ಹೊಲಗಳಿಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡುತ್ತಿದ್ದಳು. ಅವಳ ಮಗ ಪ್ರವಾಸಿಗೆ ಬಾಳೆಲೆ ಹಾಸಿ ಬಿಸಿ ಅನ್ನ, ತುಪ್ಪ, ಉಪ್ಪಿನಕಾಯಿ ಬಡಿಸಿದ. ಇವನು ತನ್ನೂರಿನ ಪದ್ಧತಿಯಂತೆ ಚಮಚ, ಫೋರ್ಕ್ ಹಿಡಿದು ಉಂಡ. ಸುತ್ತ ನಿಂತವರು ‘ದೇವರು, ದೇವರು’ ಎಂದು ಬೆರಗಾದರಂತೆ! ಅವನಿಗೆ ಬಾಳೆಲೆ ಹೊಸದು, ಇವರಿಗೆ ಫೋರ್ಕ್ ಹೊಸದು.

ಅಂದಿನ ಇಕ್ಕೇರಿ ನಗರ ಇಂದಿಲ್ಲ. ಅಘೋರೇಶ್ವರ ಗುಡಿ ಉಳಿದಿದೆ. ಮರಳಿನ ಮೇಲಿನ ಅಂಕಿಗಳು ಆಗಲೇ ಅಳಿದುಹೋದವು. ಕಾಗದದ ಮೇಲೆ ಬಂದದ್ದರಿಂದ ಮಾತ್ರ ಆ ನಾಲ್ವರು ಹುಡುಗರು ನಮಗೆ ಉಳಿದಿದ್ದಾರೆ.

ಈಗ ನಮ್ಮ ತೆರಕಣಾಂಬಿಯನ್ನು ನೆನೆಯಿರಿ. ವಿಜಯನಗರದ ಕಾಲದಲ್ಲೇ ಹೆಸರಾಗಿದ್ದ ಊರಿದು. ಲಕ್ಷ್ಮೀವರದರಾಜ ಗುಡಿ ಇದೆ. ಗುಂಡ್ಲುಪೇಟೆ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲೇ ಅಚ್ಚು ಹಾಕಿಸಿದರು. ಆದರೆ ಶಾಸನಗಳು ಹೆಚ್ಚಾಗಿ ದಾನದತ್ತಿಗಳನ್ನು ಹೇಳುತ್ತವೆಯೇ ಹೊರತು, ಇಲ್ಲಿಯ ಮಕ್ಕಳು ಹೇಗೆ ಕಲಿತರು, ಮನೆಯಲ್ಲಿ ಏನು ಉಂಡರು ಎಂಬುದನ್ನು ಹೇಳುವುದಿಲ್ಲ. ಅದನ್ನು ಬಲ್ಲವರು ನಮ್ಮ ಅಜ್ಜ-ಅಜ್ಜಿಯರು. ಅವರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ.

ಆದ್ದರಿಂದ ಮುಂದಿನ ದಸರಾ ರಜೆಯಲ್ಲಿ ನೀವೂ ಪ್ರವಾಸಿಗಳಾಗಿ, ನಿಮ್ಮದೇ ಊರಿನಲ್ಲಿ. ರಾಗಿ ಹೊಲ, ಹುಚ್ಚೆಳ್ಳು ಚಟ್ನಿ, ಮಂಜು ಮುಸುಕಿದ ಗೋಪಾಲಸ್ವಾಮಿ ಬೆಟ್ಟ, ಸಂತೆಯ ಮಾತು, ಹಿರಿಯರ ಶಾಲೆಯ ದಿನಗಳು, ಎಲ್ಲವನ್ನೂ ಕೇಳಿ, ನೋಡಿ, ತಾರೀಖು ಹಾಕಿ ಬರೆದಿಡಿ. ಇಟಲಿಗೆ ಹೋಗಲು ಹಣ ಬೇಕು. ಇದಕ್ಕೆ ಒಂದು ನೋಟ್‌ಬುಕ್ ಸಾಕು.