ಅಣ್ಣನ ಅಂಬಾಸಡರಿಗೆ ಯಾವ ಎಣ್ಣೆ?

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಜರ್ ಬರೆದವನು ಎಂಜಿನ್ ಎಣ್ಣೆಯ ಇತಿಹಾಸ ಹೇಳಲು ಕುಳಿತಿದ್ದಾನೆಂದು ನಗಬೇಡಿರಿ. ನಾನು ಮ್ಯಾಟ್ರಿಕ್ ಪಾಸಾದವನು, ಇಂಜಿನಿಯರನಲ್ಲ. ಆದರೆ ನಮ್ಮ ಅಂಗಳದಲ್ಲಿ ಅಣ್ಣ ಬಿಟ್ಟುಹೋದ ಹಳೆಯ ಅಂಬಾಸಡರ್ ಗಾಡಿ ಇದೆ. ಒಂದು ಕಾಲಕ್ಕೆ ನಮ್ಮ ಊರಿನ ಬಾಣಂತಿಯರು, ಹಾವು ಕಚ್ಚಿದವರು, ಮದುವಣಿಗರು ಎಲ್ಲರೂ ಅದರಲ್ಲೇ ಸೋಲಾಪುರ ಕಂಡವರು. ಆ ಗಾಡಿಗೆ ಎಣ್ಣೆ ಹಾಕುವ ವಿದ್ಯೆಯನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಮೋಟಾರಿನ ಚರಿತ್ರೆ ನಮ್ಮ ಸೀಮೆಗೆ ದೂರದ್ದೇನಲ್ಲ. ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ ಗಾಡಿಗಳನ್ನು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲಚಂದ ಹಿರಾಚಂದರು 1882ರಲ್ಲಿ ಹುಟ್ಟಿದ್ದು ನಮ್ಮ ಸೋಲಾಪುರದಲ್ಲಿಯೇ. ಅತ್ತ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟರ್ಸ್‌ನವರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ತಂದು, 1950ರ ದಶಕದ ಕೊನೆಗೆ ಅಂಬಾಸಡರ್ ಎಂದು ಹೆಸರಿಟ್ಟರು. 2014ರಲ್ಲಿ ಅದರ ತಯಾರಿ ನಿಂತಿತು. ಅಣ್ಣನ ಗಾಡಿಯಲ್ಲಿರುವುದು 1489 ಸಿ.ಸಿ.ಯ ಪೆಟ್ರೋಲ್ ಎಂಜಿನ್. ಅದರ ಮೂಲ ನಕ್ಷೆ ಇಂಗ್ಲಿಷರದು.

ಇನ್ನು ಎಣ್ಣೆಯ ಮಾತು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಔಡಲ ಗಿಡ ನಿಮಗೆ ಗೊತ್ತೇ ಇದೆ. ಲಂಡನ್ನಿನ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬವರ ಕಂಪನಿ 1909ರಲ್ಲಿ ಮಾರುಕಟ್ಟೆಗೆ ತಂದ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರು ಬಂದದ್ದು ಈ ಔಡಲ ಎಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳು ಔಡಲ ಎಣ್ಣೆಯ ಮೇಲೆಯೇ ಹಾರಿದವು. ಕಾವಿಗೆ ಅದು ಚೆನ್ನಾಗಿ ತಡೆಯುತ್ತದೆ, ಆದರೆ ಹಳತಾದಂತೆ ಅಂಟುಗಟ್ಟುತ್ತದೆ. ಹೀಗಾಗಿ ರಸ್ತೆಯ ಗಾಡಿಗಳಿಗೆ ನೆಲದೆಣ್ಣೆಯೇ ಖಾಯಂ ಆಯಿತು. ನಮ್ಮ ದೇಶದಲ್ಲಿ ಮೊದಲು ಬರ್ಮಾ ಶೆಲ್, ಎಸ್ಸೊ, ಕಾಲ್ಟೆಕ್ಸ್‌ಗಳ ಕಾರುಬಾರು ಇತ್ತು. 1972ರಲ್ಲಿ ಇಂಡಿಯನ್ ಆಯಿಲ್‌ನವರ ಸರ್ವೊ ಬಂತು. 1974 ಮತ್ತು 1976ರಲ್ಲಿ ಆ ವಿದೇಶಿ ಕಂಪನಿಗಳು ಸರಕಾರದ ವಶವಾದವು.

ಡಬ್ಬಿಯ ಮೇಲೆ 20ಡಬ್ಲ್ಯೂ-50 ಎಂದು ಬರೆದಿರುತ್ತದಲ್ಲ, ಅದರ ಅರ್ಥ ನನಗೂ ಬಹಳ ದಿನ ಗೊತ್ತಿರಲಿಲ್ಲ. ಎಣ್ಣೆಯ ದಪ್ಪ-ತೆಳುವಿಗೆ ಅಂಕಿ ಕೊಡುವ ಪದ್ಧತಿಯನ್ನು ಅಮೆರಿಕದ ಎಸ್.ಎ.ಇ. ಎಂಬ ಇಂಜಿನಿಯರರ ಸಂಘ 1911ರಲ್ಲಿ ಹಾಕಿಕೊಟ್ಟಿತು. ಡಬ್ಲ್ಯೂ ಅಂದರೆ ಚಳಿಗಾಲ. ಮುಂದಿನ ಅಂಕಿ ತಣ್ಣಗಿದ್ದಾಗಿನದು, ಹಿಂದಿನದು ನೂರು ಡಿಗ್ರಿ ಕಾವಿನಲ್ಲಿ ಅಳೆದದ್ದು. ಈಗಿನ ಹೊಸ ಗಾಡಿಗಳ ಭಾಗಗಳ ನಡುವಿನ ಸಂದು ಬಹಳ ಸಣ್ಣದು, ಅವಕ್ಕೆ 5ಡಬ್ಲ್ಯೂ-30ರಂಥ ತೆಳು ಎಣ್ಣೆ ಸರಿ. ಸವೆದ ಹಳೆ ಎಂಜಿನ್ನಿಗೆ, ಅದೂ ಮೇ ತಿಂಗಳಲ್ಲಿ 43-44 ಡಿಗ್ರಿ ಕಾಯುವ ನಮ್ಮ ಸೀಮೆಯಲ್ಲಿ, ಅದು ನೀರು ಸುರಿದಂತೆ. ನಾನು 20ಡಬ್ಲ್ಯೂ-50 ಬಿಟ್ಟು ಬೇರೆ ಹಾಕುವುದಿಲ್ಲ. ಬೆಲೆ ಹೆಚ್ಚಾದರೆ ಗುಣ ಹೆಚ್ಚು ಎಂದು ತಿಳಿಯುವವರು ಇಲ್ಲಿ ಮೋಸ ಹೋಗುತ್ತಾರೆ.

ಇನ್ನೊಂದು ಒಳಗುಟ್ಟು ಇದೆ. ಹಳೆಯ ಎಂಜಿನ್ನುಗಳಲ್ಲಿ ಕ್ಯಾಮ್ ದಂಡದ ಉಬ್ಬು ನೇರವಾಗಿ ಟ್ಯಾಪೆಟ್ಟಿನ ಮೇಲೆ ಉಜ್ಜುತ್ತದೆ. ಅದು ಸವೆಯದಂತೆ ಕಾಯುವುದು ಎಣ್ಣೆಯಲ್ಲಿ ಬೆರೆಸಿದ ಸತುವು ಮತ್ತು ರಂಜಕದ ಒಂದು ಸಂಯುಕ್ತ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಆ ಯಂತ್ರಕ್ಕೆ ರಂಜಕ ವಿಷ. ಆದ್ದರಿಂದ 2004ರ ಎಸ್.ಎಂ. ದರ್ಜೆಯಿಂದ ತೆಳು ಎಣ್ಣೆಗಳಲ್ಲಿ ರಂಜಕವನ್ನು ಶೇಕಡಾ 0.08ಕ್ಕೆ ಕಟ್ಟಿದರು. 20ಡಬ್ಲ್ಯೂ-50ಯಂಥ ದಪ್ಪ ಎಣ್ಣೆಗೆ ಆ ಕಟ್ಟು ಇಲ್ಲ. ಹಳೆ ಗಾಡಿಯವರಿಗೆ ಇದು ಎರಡನೆಯ ಲಾಭ. ಇಷ್ಟು ಅಂಕಿಗಳು ರೇಡಿಯೋದಲ್ಲಿ ಕೇಳಿದರೆ ಕಿವಿಯಲ್ಲಿ ನಿಲ್ಲಲಾರವು, ಅಚ್ಚಿನಲ್ಲಿ ಎರಡು ಸಲ ಓದಿಕೊಳ್ಳಿರಿ.

ಫಿಲ್ಟರು ಬಹಳ ತಡವಾಗಿ ಬಂದ ವಸ್ತು. ಮೊದಮೊದಲಿನ ಎಂಜಿನ್ನುಗಳಲ್ಲಿ ಒಂದು ತಂತಿ ಜಾಲರಿ ಇದ್ದರೆ ಅದೇ ಹೆಚ್ಚು. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಪ್ಯೂರೊಲೇಟರ್ ಎಂಬ ಶೋಧಕ ಮಾಡಿದರು. ಅದು ಎಣ್ಣೆಯ ಒಂದು ಪಾಲನ್ನು ಮಾತ್ರ ಸೋಸುತ್ತಿತ್ತು. ಎಲ್ಲ ಎಣ್ಣೆಯೂ ಸೋಸಿಯೇ ಬೇರಿಂಗಿಗೆ ಹೋಗುವ ಪದ್ಧತಿ ಆಮೇಲಿನದು. ನಮ್ಮ ಅಂಬಾಸಡರಿನದು ಈ ಎರಡನೆಯ ಜಾತಿ. ಒಂದು ಕಬ್ಬಿಣದ ಬಟ್ಟಲು, ಅದರೊಳಗೆ ಬದಲಿಸುವ ಫಿಲ್ಟರು, ನಡುವೆ ಉದ್ದನೆಯ ಬೋಲ್ಟು. ಬಟ್ಟಲಿನ ಅಂಚು ಮೇಲಿನ ಗಾಡಿಯಲ್ಲಿ (ಅಂದರೆ ಕೊರೆದ ಗೆರೆಯಲ್ಲಿ) ಕೂರುವ ಕಡೆ ಒಂದು ರಬ್ಬರ್ ರಿಂಗು.

ನನ್ನ ತಪ್ಪು ಆ ರಿಂಗಿನದೇ. 2008ರಲ್ಲಿ ಅಣ್ಣ ಹಾಸಿಗೆ ಹಿಡಿದಿದ್ದ. ಮಿಸ್ತ್ರಿಗೆ ದುಡ್ಡು ಏಕೆ ಎಂದು ನಾನೇ ಎಣ್ಣೆ ಬದಲಿಸಿದೆ. ಹಳೆಯ ರಿಂಗು ಆ ಗೆರೆಯಲ್ಲೇ ಕಪ್ಪಾಗಿ ಅಂಟಿಕೊಂಡಿದ್ದು ಕಾಣಲಿಲ್ಲ, ಅದರ ಮೇಲೆಯೇ ಹೊಸದನ್ನು ಕೂರಿಸಿ ಬಿಗಿದೆ. ಅಂಗಳದಲ್ಲಿ ಹನಿಯೂ ಸೋರಲಿಲ್ಲ. ನಾಲ್ಕು ದಿನಕ್ಕೆ ಅಣ್ಣನಿಗೆ ರಾತ್ರಿ ಎದೆನೋವು ಬಂತು. ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸೋಲಾಪುರದ ದಾರಿ ಹಿಡಿದೆ. ಅರ್ಧ ದಾರಿಗೆ ಸುಟ್ಟೆಣ್ಣೆಯ ವಾಸನೆ ಬಂತು, ಎಂಜಿನ್ನಿನ ದನಿ ಬಿರುಸಾಯಿತು. ನಾನು ಬೇಗ ಮುಟ್ಟಬೇಕೆಂದು ಇನ್ನೂ ಜೋರು ಓಡಿಸಿದೆ. ಹಿಂದಿನಿಂದ ಅಣ್ಣ, "ತಮ್ಮಾ, ಬಂದ್ ಮಾಡೋ, ಎಂಜಿನ್ ಹಿಡದು ಹೋಗತದ" ಅಂದ. ನಿಲ್ಲಿಸಿ ಗೇಜಿನ ಕಡ್ಡಿ ಎಳೆದರೆ ತುದಿಗೂ ಎಣ್ಣೆ ಇರಲಿಲ್ಲ.

ಕಬ್ಬಿನ ಲಾರಿಯವನೊಬ್ಬ ನಿಲ್ಲಿಸಿ ನಮ್ಮನ್ನು ದವಾಖಾನೆಗೆ ಮುಟ್ಟಿಸಿದ. ಅಣ್ಣ ಉಳಿದ, ಆಮೇಲೆ ಆರು ವರ್ಷ ಇದ್ದ. ಮೂರನೆಯ ದಿನ ಮಾತಾಡುವಂತಾದಾಗ ಅವನ ಮೊದಲ ಪ್ರಶ್ನೆ: "ಹಳೀ ರಿಂಗ ತಗದಿದ್ದೇನು?" ನಾನು ಸುಮ್ಮನಿದ್ದೆ.

ಆದ್ದರಿಂದ ಬಟ್ಟಲು ಬಿಚ್ಚಿದಾಗ ಬ್ಯಾಟರಿ ಹಿಡಿದು ಗೆರೆ ನೋಡಿರಿ, ಸೂಜಿಯಿಂದ ಹಳೆಯ ರಿಂಗನ್ನು ಎಬ್ಬಿಸಿರಿ. ಬಟ್ಟಲಿನ ತಳದ ಸ್ಪ್ರಿಂಗು, ವಾಷರು, ತಟ್ಟೆಗಳನ್ನು ಹಳೆಯ ಫಿಲ್ಟರಿನ ಜೊತೆ ಎಸೆಯಬೇಡಿರಿ. ಅವು ಇಲ್ಲದಿದ್ದರೆ ಎಣ್ಣೆ ಸೋಸದೆಯೇ ಪಕ್ಕದಿಂದ ನುಸುಳಿ ಹೋಗುತ್ತದೆ, ಹೊರಗೆ ಏನೂ ತಿಳಿಯುವುದಿಲ್ಲ. ಎಣ್ಣೆ ಹಾಕಿ ಎಂಜಿನ್ ಐದು ನಿಮಿಷ ಓಡಿಸಿ, ಕೆಳಗೆ ರದ್ದಿ ಕಾಗದ ಹಾಸಿ ನೋಡಿರಿ, ಐವತ್ತು ಕಿಲೋಮೀಟರು ಓಡಿಸಿ ಮತ್ತೊಮ್ಮೆ ನೋಡಿರಿ. ತೆಗೆದ ಕರಿ ಎಣ್ಣೆಯನ್ನು ನಾವು ಹಿಂದೆ ಬಾಗಿಲಿಗೆ, ಎತ್ತಿನ ಗಾಯಕ್ಕೆ ಹಚ್ಚುತ್ತಿದ್ದೆವು. ಅದು ಚರ್ಮಕ್ಕೆ ಕೇಡು, ಬಾವಿಯ ನೀರಿಗೂ ಕೇಡು. ನಾನು ಡಬ್ಬಿಯಲ್ಲಿ ಕೂಡಿಟ್ಟು, ಸೋಲಾಪುರಕ್ಕೆ ಹೋದಾಗ ಹಳೆ ಎಣ್ಣೆ ಕೊಳ್ಳುವವರಿಗೆ ಕೊಟ್ಟು ಬರುತ್ತೇನೆ.